ಮೂತ್ರ ಸೋರಿಕೆಗೆ ಆಪರೇಷನ್ ಆದಮೇಲೂ ಸೋರುತ್ತಿದೆಯೇ? ಎರಡನೇ ಆಪರೇಷನ್‌ಗೆ ಒಪ್ಪುವ ಮುನ್ನ ತಿಳಿಯಬೇಕಾದ್ದು

ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಮೂತ್ರ ಜಾರಿಬಿಡುವ ತೊಂದರೆಯ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಸಂದೇಶಗಳು ಸಾಮಾನ್ಯವಾಗಿ ಎರಡು ಬಗೆಯವು. ಒಂದು ಬಗೆ ಹೇಳುವುದು, ‘ಚಿಕ್ಕ ಆಪರೇಷನ್, ಅದೇ ದಿನ ಮನೆಗೆ, ಆಮೇಲೆ ಜೀವನಪೂರ್ತಿ ಚಿಂತೆಯಿಲ್ಲ’ ಎಂದು. ಇನ್ನೊಂದು ಬಗೆ ಹೆದರಿಸುತ್ತದೆ: ‘ಮಾಡಿಸಿಕೊಂಡವರಿಗೆಲ್ಲ ಮತ್ತೆ ಶುರುವಾಗಿದೆ, ವಿದೇಶದಲ್ಲಿ ಬ್ಯಾನ್ ಆಗಿದೆ, ಹತ್ತಿರವೂ ಹೋಗಬೇಡಿ.’

ಈ ಎರಡರ ನಡುವೆ ಸಿಕ್ಕಿಹಾಕಿಕೊಳ್ಳುವವರು ಆಗಲೇ ಒಂದು ಆಪರೇಷನ್ ಮಾಡಿಸಿಕೊಂಡು, ಕೆಲವು ತಿಂಗಳೋ ಕೆಲವು ವರ್ಷವೋ ನೆಮ್ಮದಿಯಾಗಿದ್ದು, ಈಗ ಮತ್ತೆ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಿರುವ ಮಹಿಳೆಯರು. ಮೊದಲ ಸಲ ಹೇಳಿಕೊಳ್ಳುವುದಕ್ಕೇ ಅವರಿಗೆ ವರ್ಷಗಟ್ಟಲೆ ಬೇಕಾಗಿರುತ್ತದೆ. ಮನೆಯವರು ದುಡ್ಡು ಹೊಂದಿಸಿ, ರಜೆ ಹಾಕಿ, ಆಸ್ಪತ್ರೆಗೆ ಓಡಾಡಿರುತ್ತಾರೆ. ಇನ್ನೊಮ್ಮೆ ಅದೇ ಮಾತನ್ನು ಯಾವ ಬಾಯಿಂದ ಹೇಳುವುದು ಎಂದು ಸುಮ್ಮನಾಗುತ್ತಾರೆ. ಸುಮ್ಮನಾಗದೆ ಮತ್ತೆ ಆಸ್ಪತ್ರೆಗೆ ಹೋದವರು ‘ಇನ್ನೊಂದು ಆಪರೇಷನ್ ಮಾಡಿಬಿಡಿ’ ಎಂದು ತಾವೇ ಕೇಳುವುದೂ ಉಂಟು. ನಾವು ಈ ಲೇಖನ ಬರೆಯುತ್ತಿರುವುದು ಈ ಎರಡೂ ಗುಂಪಿನವರಿಗೆ. ಎರಡನೇ ಸಲ ಸೋರಿಕೆ ಶುರುವಾದಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವ ಆಪರೇಷನ್?’ ಎಂಬುದಲ್ಲ, ‘ಇದು ಯಾವ ಸೋರಿಕೆ?’ ಎಂಬುದು. ಯಾಕೆ ಎಂದು ನೋಡೋಣ.

ಈ ‘ಸ್ಟ್ರೆಸ್’ ಟೆನ್ಷನ್ ಅಲ್ಲ

ವೈದ್ಯರು ಈ ತೊಂದರೆಯನ್ನು ‘ಸ್ಟ್ರೆಸ್ ಯೂರಿನರಿ ಇನ್‌ಕಾಂಟಿನೆನ್ಸ್’ ಎನ್ನುತ್ತಾರೆ. ರಿಪೋರ್ಟಿನಲ್ಲಿ ಈ ಹೆಸರು ನೋಡಿ ‘ಟೆನ್ಷನ್ ಜಾಸ್ತಿ ಆಗಿದ್ದಕ್ಕೆ ಹೀಗಾಗಿದೆ, ಧ್ಯಾನ ಮಾಡಿದರೆ ಹೋಗುತ್ತದೆ’ ಎಂದುಕೊಳ್ಳುವವರು ಬಹಳ. ಕನ್ನಡಕ್ಕೆ ತಂದರೂ ಪಾರಾಗುವುದಿಲ್ಲ. ‘ಒತ್ತಡದ ಮೂತ್ರ ಸೋರಿಕೆ’ ಎಂದರೆ ನಮ್ಮ ಮನಸ್ಸು ಮೊದಲು ಹೋಗುವುದು ಆಫೀಸಿನ ಒತ್ತಡದ ಕಡೆಗೇ. ಇಲ್ಲಿ ಒತ್ತಡ ಬೀಳುವುದು ಹೊಟ್ಟೆಯೊಳಗೆ. ಕೆಮ್ಮಿದಾಗ, ಕೊಡ ಎತ್ತಿದಾಗ, ಬಸ್ಸು ಹಂಪ್ ಹಾರಿದಾಗ ಹೊಟ್ಟೆಯ ಒಳಗಿನ ಒತ್ತಡ ಒಮ್ಮೆಲೇ ಏರಿ ಮೂತ್ರಕೋಶವನ್ನು ಅದುಮುತ್ತದೆ. ಆ ಕ್ಷಣದಲ್ಲಿ ಮೂತ್ರ ಹೊರಬರುವ ನಾಳ ಬಿಗಿಯಾಗಿ ಮುಚ್ಚಿಕೊಂಡಿರಬೇಕು. ಮುಚ್ಚಿಕೊಳ್ಳದಿದ್ದರೆ ಸೋರುತ್ತದೆ.

ಯಾಕೆ ಮುಚ್ಚಿಕೊಳ್ಳುವುದಿಲ್ಲ ಎಂಬುದಕ್ಕೆ ತೋಟಕ್ಕೆ ನೀರು ಬಿಡುವ ಪೈಪನ್ನು ನೆನಪಿಸಿಕೊಳ್ಳಿ. ಕಲ್ಲುಚಪ್ಪಡಿಯ ಮೇಲೆ ಬಿದ್ದಿರುವ ಪೈಪನ್ನು ಕಾಲಿನಿಂದ ತುಳಿದರೆ ನೀರು ನಿಲ್ಲುತ್ತದೆ. ಅದೇ ಪೈಪು ಕೆಸರಿನ ಮೇಲಿದ್ದರೆ ತುಳಿದಷ್ಟೂ ಕೆಳಗೆ ಹೂತುಕೊಳ್ಳುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ. ಮೂತ್ರನಾಳದ ಕೆಳಗೆ ಯೋನಿಯ ಗೋಡೆ ಮತ್ತು ಸ್ನಾಯುಗಳಿಂದಾದ ಒಂದು ತೊಟ್ಟಿಲಿನಂಥ ಆಸರೆಯಿದೆ. ಹೆರಿಗೆ, ವಯಸ್ಸು, ಹೆಚ್ಚು ತೂಕ, ವರ್ಷಗಟ್ಟಲೆ ಕಾಡುವ ಕೆಮ್ಮು ಅಥವಾ ಮಲಬದ್ಧತೆ ಈ ಆಸರೆಯನ್ನು ಸಡಿಲ ಮಾಡುತ್ತವೆ. ಕೆಲವರಲ್ಲಿ ಆಸರೆ ಗಟ್ಟಿಯಾಗಿಯೇ ಇದ್ದು, ನಾಳವನ್ನು ಮುಚ್ಚುವ ಸ್ನಾಯುವೇ ಸೋತಿರುತ್ತದೆ. ಈ ಎರಡನೆಯ ಬಗೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದೇ ಜಾಗದಲ್ಲಿ ಇನ್ನೊಂದು ನಂಬಿಕೆಯನ್ನೂ ಮುಗಿಸಿಬಿಡೋಣ. ‘ಗರ್ಭಕೋಶ ತೆಗೆಸಿದರೆ ಮೂತ್ರ ಸೋರುವುದು ನಿಲ್ಲುತ್ತದೆ’ ಎಂಬ ಮಾತು ನಮ್ಮ ಊರುಗಳಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ. ಗರ್ಭಕೋಶ ತೆಗೆಯುವುದು ಮೂತ್ರ ಸೋರಿಕೆಗೆ ಚಿಕಿತ್ಸೆಯಲ್ಲ. ಸ್ವೀಡನ್ನಿನಲ್ಲಿ ಗರ್ಭಕೋಶ ತೆಗೆಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ತೆಗೆಸದವರೊಂದಿಗೆ ಹೋಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೆಗೆಸಿಕೊಂಡವರಿಗೆ ಮುಂದೆ ಸೋರಿಕೆಯ ಆಪರೇಷನ್ ಬೇಕಾಗುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಬೇರೆ ಕಾರಣಕ್ಕೆ ಗರ್ಭಕೋಶ ತೆಗೆಯಲೇಬೇಕಾದ ಸಂದರ್ಭಗಳಿರುತ್ತವೆ, ಅದು ಬೇರೆ ಮಾತು.

ಮೊದಲ ಆಪರೇಷನ್ ಒಳಗೆ ಏನು ಮಾಡಿತ್ತು?

ಎರಡನೇ ಸಲದ ಲೆಕ್ಕಾಚಾರ ಮೊದಲ ಸಲ ಏನು ಮಾಡಿದ್ದರು ಎಂಬುದರ ಮೇಲೆ ನಿಂತಿದೆ. ‘ಮೂತ್ರದ ಆಪರೇಷನ್ ಆಗಿದೆ’ ಎಂದಷ್ಟೇ ಹೇಳಿದರೆ ವೈದ್ಯರಿಗೆ ಸಾಲದು, ಯಾಕೆಂದರೆ ಆ ಹೆಸರಿನಡಿ ಕನಿಷ್ಠ ನಾಲ್ಕು ಬೇರೆ ಬೇರೆ ಕೆಲಸಗಳಿವೆ.

ಹಳೆಯದು ಹೊಲಿಗೆಯ ವಿಧಾನ. ಮೂತ್ರಕೋಶದ ಕುತ್ತಿಗೆಯ ಎರಡೂ ಬದಿಯ ಅಂಗಾಂಶವನ್ನು ದಾರದಿಂದ ಎತ್ತಿ, ಕಿಬ್ಬೊಟ್ಟೆಯ ಮುಂಭಾಗದ ಮೂಳೆಯ ಹಿಂದಿರುವ ಗಟ್ಟಿ ಪಟ್ಟಿಗೆ ಕಟ್ಟುತ್ತಾರೆ. ಅಮೆರಿಕದ ಜಾನ್ ಬರ್ಚ್ 1961ರಲ್ಲಿ ಇದನ್ನು ವಿವರಿಸಿದ್ದರಿಂದ ಇಂದಿಗೂ ಇದು ಬರ್ಚ್ ಆಪರೇಷನ್. ಎರಡನೆಯದು ಸ್ವಂತ ಅಂಗಾಂಶದ ಸ್ಲಿಂಗ್. ರೋಗಿಯ ಕಿಬ್ಬೊಟ್ಟೆ ಅಥವಾ ತೊಡೆಯಿಂದಲೇ ಗಟ್ಟಿ ಪೊರೆಯ ಒಂದು ಪಟ್ಟಿ ತೆಗೆದು ಮೂತ್ರನಾಳದ ಕೆಳಗೆ ಜೋಲಿಯಂತೆ ಕೂರಿಸುವುದು. ಮೂರನೆಯದು ಟೇಪ್. ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ದಾರದಿಂದ ಹೆಣೆದ, ಸುಮಾರು 1 ಸೆಂಟಿಮೀಟರ್ ಅಗಲದ ಬಲೆಪಟ್ಟಿಯನ್ನು ಮೂತ್ರನಾಳದ ನಡುಭಾಗದ ಕೆಳಗೆ ಇಡುತ್ತಾರೆ. ಪಟ್ಟಿಯ ತುದಿಗಳು ಮೂಳೆಯ ಹಿಂದಿನಿಂದ ಕಿಬ್ಬೊಟ್ಟೆಯ ಕಡೆಗೆ ಬಂದರೆ ಅದು ಟಿವಿಟಿ. 2001ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಇನ್ನೊಂದು ದಾರಿಯಲ್ಲಿ ತುದಿಗಳು ತೊಡೆಯ ಸಂದಿನ ಕಡೆಗೆ ಹೋಗುತ್ತವೆ, ಅದು ಟಿಒಟಿ. ಹೊರಗಿನಿಂದ ನೋಡಿದರೆ ಎರಡಕ್ಕೂ ಪುಟ್ಟ ಗಾಯದ ಗುರುತುಗಳಷ್ಟೇ. ನಾಲ್ಕನೆಯದು ಇಂಜೆಕ್ಷನ್: ಮೂತ್ರನಾಳದ ಗೋಡೆಯೊಳಗೆ ಜೆಲ್‌ನಂಥ ವಸ್ತುವನ್ನು ತುಂಬಿ ಗೋಡೆ ಉಬ್ಬುವಂತೆ ಮಾಡುವುದು.

ಇವೆಲ್ಲಕ್ಕೂ ಮುಂಚೆ ಪೆಲ್ವಿಕ್ ಫ್ಲೋರ್ ವ್ಯಾಯಾಮ ಇರಬೇಕಿತ್ತು. ಮೂತ್ರ, ಮಲ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಈ ವ್ಯಾಯಾಮವನ್ನು 1948ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುವುದು ತಜ್ಞರ ಉಸ್ತುವಾರಿಯಲ್ಲಿ ಕನಿಷ್ಠ 3 ತಿಂಗಳು, ದಿನಕ್ಕೆ 3 ಬಾರಿ, ಪ್ರತಿ ಬಾರಿ ಕನಿಷ್ಠ 8 ಸಲ ಬಿಗಿಹಿಡಿಯಬೇಕೆಂದು. ‘ಕೆಗೆಲ್ ಮಾಡಿ ನೋಡಿದೆ, ಪ್ರಯೋಜನವಾಗಲಿಲ್ಲ’ ಎನ್ನುವವರಲ್ಲಿ ಎಷ್ಟು ಜನರಿಗೆ ಯಾರಾದರೂ ಸರಿಯಾಗಿ ಕಲಿಸಿಕೊಟ್ಟಿದ್ದರು ಎಂಬುದು ನಮ್ಮ ಅನುಮಾನ. ಸ್ನಾಯು ಬಿಗಿಯುವ ಬದಲು ಹೊಟ್ಟೆಯನ್ನು ಕೆಳಗೆ ಮುಕ್ಕುವುದು ಸಾಮಾನ್ಯ ತಪ್ಪು. ಅದರಿಂದ ಇದ್ದದ್ದೂ ಸಡಿಲವಾಗುತ್ತದೆ.

ಎಷ್ಟು ಜನರಿಗೆ ಮತ್ತೆ ಆಪರೇಷನ್ ಆಗುತ್ತದೆ?

ಇಲ್ಲಿಯೇ ಎರಡೂ ಬಗೆಯ ಫಾರ್ವರ್ಡ್‌ಗಳು ಎಡವುವುದು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲ ಬಾರಿ ಟೇಪ್ ಹಾಕಿಸಿಕೊಂಡ 95,057 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. 9 ವರ್ಷಗಳ ಹೊತ್ತಿಗೆ ಸೋರಿಕೆಗೆಂದು ಮತ್ತೆ ಆಪರೇಷನ್ ಆದವರು ಶೇ. 4.5. ಟೇಪನ್ನು ಪೂರ್ತಿ ಅಥವಾ ಸ್ವಲ್ಪ ತೆಗೆಸಬೇಕಾದವರು ಶೇ. 3.3. ಈ ಎರಡರಲ್ಲಿ ಯಾವುದಾದರೂ ಒಂದು ಆದವರು ಶೇ. 6.9. ಅಂದರೆ ‘ಮಾಡಿಸಿಕೊಂಡವರಿಗೆಲ್ಲ ಮತ್ತೆ’ ಎಂಬುದು ಸುಳ್ಳು.

ಡೆನ್ಮಾರ್ಕಿನ ದಾಖಲೆಗಳನ್ನು ನೋಡಿದ 2016ರ ಇನ್ನೊಂದು ಅಧ್ಯಯನ ವಿಧಾನಗಳನ್ನು ಬೇರೆ ಬೇರೆ ಮಾಡಿ ತೋರಿಸಿತು. 5 ವರ್ಷಗಳಲ್ಲಿ ಮರು ಆಪರೇಷನ್ ಆದವರು ಬರ್ಚ್, ಸ್ವಂತ ಅಂಗಾಂಶದ ಸ್ಲಿಂಗ್ ಮತ್ತು ಟಿವಿಟಿ ಮೂರರಲ್ಲೂ ಸುಮಾರು ಶೇ. 6, ಟಿಒಟಿಯಲ್ಲಿ ಶೇ. 9, ಇಂಜೆಕ್ಷನ್‌ನಲ್ಲಿ ಶೇ. 44. ಇಂಜೆಕ್ಷನ್‌ನ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಅದರ ಪರಿಣಾಮ ಕಡಿಮೆಯಾದಾಗ ಮತ್ತೆ ಕೊಡಬೇಕಾಗಬಹುದು ಎಂಬುದು ಮೊದಲೇ ಗೊತ್ತಿರುವ ಸಂಗತಿ.

ಹಾಗಾದರೆ ಮೊದಲ ಬಗೆಯ ಫಾರ್ವರ್ಡ್ ಸರಿಯೇ? ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಜೀವನಪೂರ್ತಿ ಒಣಗಿರುತ್ತಾರೆಯೇ? ಇಲ್ಲ. ಮತ್ತೆ ಆಪರೇಷನ್ ಆಗಲಿಲ್ಲ ಎಂದರೆ ಸೋರಿಕೆ ನಿಂತಿದೆ ಎಂದು ಅರ್ಥವಲ್ಲ. ಆಸ್ಪತ್ರೆಯ ದಾಖಲೆಯಲ್ಲಿ ಕಾಣುವುದು ಮತ್ತೆ ಆಪರೇಷನ್ ಟೇಬಲ್ ಹತ್ತಿದವರು ಮಾತ್ರ. ಸೋರುತ್ತಿದ್ದರೂ ಸಾಕಪ್ಪ ಎಂದು ಮನೆಯಲ್ಲೇ ಉಳಿದವರು, ಪ್ಯಾಡ್ ಇಟ್ಟುಕೊಂಡು ಹೊಂದಿಕೊಂಡವರು, ಊರಿನ ಜಾತ್ರೆಗೂ ಮದುವೆಗೂ ಹೋಗುವುದನ್ನು ಬಿಟ್ಟವರು ಆ ಲೆಕ್ಕಕ್ಕೆ ಬರುವುದಿಲ್ಲ.

2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಈ ವ್ಯತ್ಯಾಸವನ್ನು ಬೇರೊಂದು ರೀತಿಯಲ್ಲಿ ತೋರಿಸುತ್ತದೆ. 597 ಮಹಿಳೆಯರಿಗೆ ಚೀಟಿ ಎತ್ತಿದಂತೆ ಟಿವಿಟಿ ಅಥವಾ ಟಿಒಟಿ ಬಗೆಯ ಟೇಪ್ ಹಾಕಿದರು. ಒಂದು ವರ್ಷದ ನಂತರ ಕೆಮ್ಮಿಸಿ ನೋಡುವ, ಪ್ಯಾಡ್ ತೂಕ ಮಾಡುವಂಥ ಪರೀಕ್ಷೆಗಳ ಪ್ರಕಾರ ಟಿವಿಟಿ ಗುಂಪಿನಲ್ಲಿ ಶೇ. 80.8, ಟಿಒಟಿ ಗುಂಪಿನಲ್ಲಿ ಶೇ. 77.7 ಜನರಲ್ಲಿ ಚಿಕಿತ್ಸೆ ಯಶಸ್ವಿ. ಅದೇ ಮಹಿಳೆಯರು ಸ್ವತಃ ಹೇಳಿದ ಲಕ್ಷಣಗಳ ಆಧಾರದ ಮೇಲೆ ಎಣಿಸಿದಾಗ ಅದು ಶೇ. 62.2 ಮತ್ತು ಶೇ. 55.8ಕ್ಕೆ ಇಳಿಯಿತು. ‘ಯಶಸ್ಸು’ ಎಂಬ ಪದ ಕಂಡಾಗಲೆಲ್ಲ ಅದನ್ನು ಯಾರು, ಹೇಗೆ ಅಳೆದರು ಎಂದು ನಾವು ಕೇಳುವುದು ಇದಕ್ಕೇ. ಆಸ್ಪತ್ರೆಯ ಜಾಹೀರಾತಿನಲ್ಲಿ ‘ಶೇ. 95 ಯಶಸ್ಸು’ ಎಂದಿದ್ದರೆ ನೀವೂ ಕೇಳಿ.

ಮತ್ತೆ ಸೋರಿದರೆ, ಅದು ಯಾವ ಸೋರಿಕೆ?

ಆಪರೇಷನ್ ಆದಮೇಲೆ ಒದ್ದೆಯಾಯಿತು ಎಂದಾಕ್ಷಣ ‘ಆಪರೇಷನ್ ಫೇಲ್’ ಎಂದು ತೀರ್ಮಾನಿಸುವುದು ಸುಲಭ. ನಿಜಕ್ಕೂ ಫೇಲ್ ಆಗಿರಲೂಬಹುದು. ಟೇಪ್ ಸಡಿಲವಾಗಿ ಅಥವಾ ತಪ್ಪು ಜಾಗದಲ್ಲಿ ಕೂತಿರಬಹುದು, ಹೊಲಿಗೆ ಬಿಟ್ಟಿರಬಹುದು, ತೂಕ ಏರಿರಬಹುದು, ಆಪರೇಷನ್ ನಂತರ ಇನ್ನೊಂದು ಹೆರಿಗೆ ಆಗಿರಬಹುದು. ಇಲ್ಲವೇ, ಮೇಲೆ ಹೇಳಿದಂತೆ, ತೊಂದರೆ ಇದ್ದದ್ದು ಆಸರೆಯಲ್ಲಲ್ಲ, ಮುಚ್ಚುವ ಸ್ನಾಯುವಿನಲ್ಲಿ ಎಂದಾಗಿರಬಹುದು. ಆದರೆ ಇವ್ಯಾವುವೂ ಅಲ್ಲದ ಕಾರಣಗಳೂ ಇವೆ. ಅವುಗಳಲ್ಲಿ ಕೆಲವಕ್ಕೆ ಇನ್ನೊಂದು ಟೇಪ್ ಹಾಕಿದರೆ ತೊಂದರೆ ದುಪ್ಪಟ್ಟಾಗುತ್ತದೆ.

ಮೊದಲನೆಯದು, ಅವಸರದ ಸೋರಿಕೆ. ಇದ್ದಕ್ಕಿದ್ದಂತೆ ತಡೆಯಲಾಗದ ಅವಸರವಾಗಿ, ಬಾತ್‌ರೂಮ್ ಬಾಗಿಲು ತಲುಪುವಷ್ಟರಲ್ಲಿ ಆಗಿಬಿಡುತ್ತದೆ. ಇಲ್ಲಿ ನಾಳದ ಆಸರೆ ಸರಿಯಿದೆ, ಮೂತ್ರಕೋಶವೇ ಹೊತ್ತಲ್ಲದ ಹೊತ್ತಿನಲ್ಲಿ ಹಿಂಡುತ್ತಿದೆ. ಇದಕ್ಕೆ ಬೇಕಾದ್ದು ಮೂತ್ರಕೋಶಕ್ಕೆ ಅಭ್ಯಾಸ ಮಾಡಿಸುವುದು, ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಬೊಟಾಕ್ಸ್‌ನಂಥ ಚಿಕಿತ್ಸೆ. ಆಸರೆ ಕೊಡುವ ಆಪರೇಷನ್‌ನಿಂದ ಇದು ವಾಸಿಯಾಗುವುದಿಲ್ಲ. ಮೊದಲ ಆಪರೇಷನ್‌ಗೆ ಮುಂಚೆಯೇ ಎರಡೂ ಬಗೆ ಬೆರೆತಿದ್ದು, ಒಂದು ವಾಸಿಯಾಗಿ ಇನ್ನೊಂದು ಉಳಿದಿರಬಹುದು. ಆಪರೇಷನ್ ನಂತರ ಹೊಸದಾಗಿಯೂ ಬರಬಹುದು. ಮನೆಯಲ್ಲೇ ಗಮನಿಸಬಹುದಾದ ಒಂದು ಸುಳಿವು ಇದೆ. ಕೆಮ್ಮಿದ ಅದೇ ಕ್ಷಣದಲ್ಲಿ ಚಿಮ್ಮಿ, ಕೆಮ್ಮು ನಿಂತಾಗ ನಿಂತರೆ ಅದು ಹೊಟ್ಟೆಯ ಒತ್ತಡದ್ದು. ಕೆಮ್ಮಿ ಕೆಲವು ಸೆಕೆಂಡು ಬಿಟ್ಟು ಶುರುವಾಗಿ, ನಿಲ್ಲಿಸಲಾಗದೆ ಹರಿದರೆ ಕೆಮ್ಮು ಮೂತ್ರಕೋಶವನ್ನು ಕೆರಳಿಸಿದೆ ಎಂದರ್ಥ.

ಎರಡನೆಯದು ಇನ್ನೂ ವಿಚಿತ್ರ. ಟೇಪ್ ಅಥವಾ ಸ್ಲಿಂಗ್ ತುಂಬಾ ಬಿಗಿಯಾಗಿ ಕೂತರೆ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ಧಾರೆ ಸಣ್ಣದಾಗುತ್ತದೆ, ಮುಂದಕ್ಕೆ ಬಾಗಿ ಅಥವಾ ಎದ್ದು ನಿಂತು ಹೋಗಬೇಕಾಗುತ್ತದೆ, ಮುಗಿಯಿತು ಎಂದು ಎದ್ದರೆ ಮತ್ತೆ ಹೋಗಬೇಕೆನಿಸುತ್ತದೆ. ತುಂಬಿದ ಬಕೆಟ್ ತುಳುಕುವಂತೆ ಉಳಿದದ್ದು ಹನಿಹನಿಯಾಗಿ ಹೊರಬರುತ್ತದೆ. ಹೊರಗಿನಿಂದ ನೋಡುವವರಿಗೆ ಇದೂ ಸೋರಿಕೆಯೇ. ಆದರೆ ಇವರಿಗೆ ಬೇಕಾದ್ದು ಬಿಗಿ ಸಡಿಲಿಸುವ ಚಿಕಿತ್ಸೆ. ಇವರಿಗೆ ಇನ್ನೊಂದು ಟೇಪ್ ಹಾಕುವುದನ್ನು ಊಹಿಸಿಕೊಳ್ಳಿ.

ಹಗಲು ರಾತ್ರಿ ಎನ್ನದೆ, ಕೆಮ್ಮಿರಲಿ ಬಿಡಲಿ, ಮಲಗಿದ್ದಾಗಲೂ ನಿರಂತರವಾಗಿ ಒದ್ದೆಯಾಗುತ್ತಿದ್ದರೆ, ಅದರಲ್ಲೂ ಗರ್ಭಕೋಶದ ಆಪರೇಷನ್ ಅಥವಾ ಬಹಳ ಕಷ್ಟದ ಹೆರಿಗೆಯ ನಂತರ ಹೀಗಾದರೆ, ಮೂತ್ರಕೋಶ ಮತ್ತು ಯೋನಿಯ ನಡುವೆ ರಂಧ್ರವಾಗಿದೆಯೇ ಎಂದು ನೋಡಬೇಕು. ವೈದ್ಯರು ಫಿಸ್ಟುಲಾ ಎನ್ನುವುದು ಇದಕ್ಕೇ. ಇದರ ರಿಪೇರಿಯೇ ಬೇರೆ. ಪದೇಪದೇ ಮೂತ್ರದ ಸೋಂಕು, ಮೂತ್ರದಲ್ಲಿ ರಕ್ತ, ಯೋನಿಯಿಂದ ಸ್ರಾವ, ಸಂಭೋಗದ ಹೊತ್ತಿನಲ್ಲಿ ನೋವು ಅಥವಾ ಗಂಡನಿಗೆ ಏನೋ ಚುಚ್ಚಿದಂತಾಗುವುದು, ತೊಡೆಯ ಸಂದಿನಲ್ಲಿ ಬಿಡದ ನೋವು ಇದ್ದರೆ ಟೇಪ್ ಒಳಗಿನ ಗೋಡೆಯನ್ನು ಕೊರೆದು ಹೊರಬಂದಿದೆಯೇ ಎಂದು ಪರೀಕ್ಷಿಸಬೇಕು. ಇದನ್ನು ಹೇಳಲು ನಾಚಿಕೆಯಾಗುವುದು ಸಹಜ. ಹೇಳದಿದ್ದರೆ ಮಾತ್ರ ವೈದ್ಯರಿಗೆ ಊಹಿಸುವ ದಾರಿಯಿಲ್ಲ.

ಆದ್ದರಿಂದಲೇ ಎರಡನೇ ಆಪರೇಷನ್‌ಗೆ ಮುಂಚಿನ ಪರೀಕ್ಷೆಗಳು ಮೊದಲ ಸಲಕ್ಕಿಂತ ಹೆಚ್ಚು. ಕನಿಷ್ಠ 3 ದಿನ ಎಷ್ಟು ಕುಡಿದಿರಿ, ಎಷ್ಟು ಸಲ ಹೋದಿರಿ, ಯಾವಾಗ ಸೋರಿತು ಎಂದು ಬರೆದಿಡುವ ಡೈರಿ. ಮೂತ್ರ ಮಾಡಿದ ನಂತರ ಎಷ್ಟು ಉಳಿದಿದೆ ಎಂದು ನೋಡುವ ಸ್ಕ್ಯಾನ್. ಬೇಕೆನಿಸಿದರೆ ಕ್ಯಾಮೆರಾ ಇರುವ ಸಣ್ಣ ನಳಿಕೆಯಿಂದ ಒಳಗೆ ನೋಡುವ ಸಿಸ್ಟೊಸ್ಕೊಪಿ. ಮತ್ತೆ ಯುರೊಡೈನಮಿಕ್ ಪರೀಕ್ಷೆ, ಅಂದರೆ ಮೂತ್ರಕೋಶವನ್ನು ನಿಧಾನವಾಗಿ ತುಂಬಿಸುತ್ತ ಒಳಗಿನ ಒತ್ತಡವನ್ನು ಅಳೆಯುವುದು. ಮೊದಲ ಸಲ, ಲಕ್ಷಣ ಸ್ಪಷ್ಟವಿದ್ದಾಗ, ಯುರೊಡೈನಮಿಕ್ ಮಾಡಿಸಿದರೂ ಮಾಡಿಸದಿದ್ದರೂ ಫಲಿತಾಂಶದಲ್ಲಿ ವ್ಯತ್ಯಾಸವಾಗಲಿಲ್ಲ ಎಂದು 2012ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಹಾಗೆಂದು ಎರಡನೇ ಸಲವೂ ಬಿಡಬಹುದು ಎಂದಲ್ಲ. ಹಿಂದೆ ಒಂದು ಆಪರೇಷನ್ ಆಗಿದ್ದರೆ ಇನ್ನೊಂದಕ್ಕೆ ಮುಂಚೆ ಈ ಪರೀಕ್ಷೆ ಮಾಡಬೇಕೆಂದು ನೈಸ್ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಪರೀಕ್ಷೆಯೇ ಇಲ್ಲದೆ ‘ಇನ್ನೊಂದು ಟೇಪ್ ಹಾಕಿಬಿಡೋಣ, ನಾಳೆ ಬನ್ನಿ’ ಎಂದರೆ ನಾವಾದರೆ ಬೇರೆ ವೈದ್ಯರ ಅಭಿಪ್ರಾಯ ಕೇಳುತ್ತೇವೆ.

‘ವಿದೇಶದಲ್ಲಿ ಬ್ಯಾನ್’ ಆಗಿದ್ದು ಏನು?

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿದ್ದು ಗರ್ಭಕೋಶ, ಮೂತ್ರಕೋಶ ಕೆಳಗೆ ಜಾರುವ ತೊಂದರೆಗೆ ಯೋನಿಯ ಮೂಲಕ ಹಾಕುವ ದೊಡ್ಡ ಬಲೆಗಳ ಮಾರಾಟವನ್ನು. ಮೂತ್ರ ಸೋರಿಕೆಗೆ ಹಾಕುವ ಸಣ್ಣ ಟೇಪ್‌ಗೆ ಆ ಆದೇಶ ಅನ್ವಯಿಸಲಿಲ್ಲ. ಎರಡೂ ಪಾಲಿಪ್ರೊಪಿಲೀನ್ ಬಲೆಯೇ ಆದ್ದರಿಂದ ಸುದ್ದಿ ಗುಂಪಿನಿಂದ ಗುಂಪಿಗೆ ದಾಟುವಾಗ ಒಂದಾಗಿಬಿಟ್ಟಿತು.

ಬ್ರಿಟನ್ನಿನಲ್ಲಿ ಮಾತ್ರ ಟೇಪನ್ನೂ ತಡೆದರು. ಸ್ಕಾಟ್‌ಲೆಂಡ್ 2014ರಲ್ಲೇ ನಿಲ್ಲಿಸಲು ಕೇಳಿಕೊಂಡಿತ್ತು. ಇಂಗ್ಲೆಂಡಿನಲ್ಲಿ ನೋವು ಅನುಭವಿಸಿದ ಮಹಿಳೆಯರು ವರ್ಷಗಟ್ಟಲೆ ದೂರು ಹೇಳಿದ ಮೇಲೆ, ಜೂಲಿಯಾ ಕಂಬರ್ಲೆಜ್ ನೇತೃತ್ವದ ಪರಿಶೀಲನಾ ತಂಡದ ಶಿಫಾರಸಿನಂತೆ 2018ರ ಜುಲೈನಲ್ಲಿ ತಡೆ ಬಂತು. 2020ರಲ್ಲಿ ಬಂದ ಆ ತಂಡದ ವರದಿಯ ಮುಖ್ಯ ಆರೋಪ ಏನೆಂದರೆ, ಮಹಿಳೆಯರು ನೋವು ಎಂದಾಗ ವ್ಯವಸ್ಥೆ ಕಿವಿಗೊಡಲಿಲ್ಲ ಎಂಬುದು. ಬಹುಪಾಲು ಮಹಿಳೆಯರಿಗೆ ಟೇಪ್‌ನಿಂದ ತೊಂದರೆಯಾಗುವುದಿಲ್ಲ. ತೊಂದರೆಯಾದ ಕೆಲವರಿಗೆ ಅದು ಬದುಕನ್ನೇ ಬದಲಿಸುವಷ್ಟು ದೊಡ್ಡದು, ಮತ್ತು ಅಂಗಾಂಶದೊಳಗೆ ಬೆಸೆದುಕೊಂಡ ಟೇಪನ್ನು ಪೂರ್ತಿ ತೆಗೆಯುವುದು ಹಾಕಿದಷ್ಟು ಸುಲಭವಲ್ಲ. ಈ ಎರಡೂ ವಾಕ್ಯ ನಿಜ. ಭಾರತದಲ್ಲಿ ಟೇಪ್ ಆಪರೇಷನ್ ಈಗಲೂ ನಡೆಯುತ್ತಿದೆ.

ಎರಡನೇ ಸಲದ ಆಯ್ಕೆಗಳು

ಪರೀಕ್ಷೆಯೆಲ್ಲ ಆಗಿ, ಇದು ಹೊಟ್ಟೆಯ ಒತ್ತಡದ ಸೋರಿಕೆಯೇ ಎಂದು ಖಚಿತವಾಯಿತು ಎನ್ನೋಣ. ಆಗಲೂ ಮೊದಲ ಆಯ್ಕೆ ಚಾಕುವಲ್ಲ. ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಬಳಿ ಸರಿಯಾಗಿ ಕಲಿತು ಮತ್ತೆ ಮಾಡಬಹುದು. ತೂಕ ಹೆಚ್ಚಿದ್ದರೆ ಇಳಿಸುವುದರಿಂದ ನಿಜವಾಗಿಯೂ ಪ್ರಯೋಜನವಿದೆ. ಅಮೆರಿಕದಲ್ಲಿ ತೂಕ ಹೆಚ್ಚಿದ್ದ 338 ಮಹಿಳೆಯರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸರಾಸರಿ ಶೇ. 8ರಷ್ಟು ತೂಕ ಇಳಿಸಿದ ಗುಂಪಿನಲ್ಲಿ ವಾರದ ಸೋರಿಕೆಗಳು ಶೇ. 47ರಷ್ಟು ಕಡಿಮೆಯಾದವು. ಇನ್ನೊಂದು ಗುಂಪಿನಲ್ಲಿ ಕಡಿಮೆಯಾದದ್ದು ಶೇ. 28. ಆ ಮಹಿಳೆಯರೆಲ್ಲ ಮರು ಆಪರೇಷನ್ನಿನ ಹೊಸ್ತಿಲಲ್ಲಿ ಇದ್ದವರಲ್ಲ, ಅದು ನಿಜ. ಆದರೆ ತೂಕ ಇಳಿಸಿ ಕಳೆದುಕೊಳ್ಳುವುದೇನೂ ಇಲ್ಲ. ಹಾಗೆಯೇ ಕೆಮ್ಮಿಗೆ, ಮಲಬದ್ಧತೆಗೆ ಮೊದಲು ಮದ್ದು ಮಾಡಿಕೊಳ್ಳಬೇಕು. ‘ನೀರು ಕುಡಿಯುವುದನ್ನೇ ಕಡಿಮೆ ಮಾಡಿ’ ಎಂಬ ಸಲಹೆಯನ್ನು ಮಾತ್ರ ಪಾಲಿಸಬೇಡಿ. ಗಾಢವಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ, ಮಲಬದ್ಧತೆಯೂ ಹೆಚ್ಚುತ್ತದೆ.

ಆಪರೇಷನ್ನೇ ಬೇಕು ಎಂದಾದರೆ, ಎರಡನೆಯದರ ಫಲ ಮೊದಲನೆಯದಕ್ಕಿಂತ ಕಡಿಮೆ ಎಂಬುದನ್ನು ತಿಳಿದು ಒಪ್ಪಬೇಕು. ಆಸ್ಟ್ರೇಲಿಯಾದ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ಬಾರಿ ಟೇಪ್ ಹಾಕಿಸಿಕೊಂಡವರಲ್ಲಿ ಶೇ. 86 ಜನ ಸೋರಿಕೆ ನಿಂತಿತು ಎಂದರೆ, ಎರಡನೇ ಬಾರಿ ಹಾಕಿಸಿಕೊಂಡ 77 ಮಹಿಳೆಯರಲ್ಲಿ ಹಾಗೆ ಹೇಳಿದವರು ಶೇ. 62. ಎರಡನೇ ಟೇಪ್ ಟಿವಿಟಿ ದಾರಿಯದ್ದಾಗಿದ್ದರೆ ಶೇ. 71, ಟಿಒಟಿ ದಾರಿಯದ್ದಾಗಿದ್ದರೆ ಶೇ. 48. ಹೊಸದಾಗಿ ಅವಸರದ ತೊಂದರೆ ಶುರುವಾದದ್ದು ಮೊದಲ ಬಾರಿಯವರಲ್ಲಿ ಶೇ. 14, ಎರಡನೇ ಬಾರಿಯವರಲ್ಲಿ ಶೇ. 30. ಇದನ್ನು ಹೇಗೆ ಓದಬೇಕು? ‘ಎರಡನೇ ಆಪರೇಷನ್ ದಂಡ’ ಎಂದು ಖಂಡಿತ ಅಲ್ಲ, ಅರ್ಧಕ್ಕಿಂತ ಹೆಚ್ಚು ಜನರಿಗೆ ಗುಣವಾಗಿದೆ. ಆದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಹಿಳೆಯರಿಗೆ ಗುಣವಾಗಿಲ್ಲ. ಈ ಎರಡನ್ನೂ ಆಪರೇಷನ್‌ಗೆ ಮುಂಚೆಯೇ ಮನೆಯವರ ಮುಂದೆ ಹೇಳಿಸಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಆಮೇಲೆ ‘ಇಷ್ಟೆಲ್ಲ ಖರ್ಚು ಮಾಡಿಯೂ’ ಎಂಬ ಮಾತು ಕೇಳಬೇಕಾದವರು ಅವರೇ.

ಟೇಪ್ ಬೇಡ ಎನ್ನುವವರಿಗೆ, ಅಥವಾ ಮೊದಲ ಟೇಪ್‌ನಿಂದಲೇ ತೊಂದರೆ ಅನುಭವಿಸಿದವರಿಗೆ ಸ್ವಂತ ಅಂಗಾಂಶದ ಸ್ಲಿಂಗ್ ಇದೆ. ಮುಚ್ಚುವ ಸ್ನಾಯು ಸೋತವರಲ್ಲೂ ಇದನ್ನು ಬಳಸುತ್ತಾರೆ. 2007ರ ಅಮೆರಿಕದ ಅಧ್ಯಯನದಲ್ಲಿ 655 ಮಹಿಳೆಯರಲ್ಲಿ ಬರ್ಚ್ ಮತ್ತು ಈ ಸ್ಲಿಂಗನ್ನು ಹೋಲಿಸಿದಾಗ, 2 ವರ್ಷದ ನಂತರ ಸೋರಿಕೆ ನಿಲ್ಲಿಸುವುದರಲ್ಲಿ ಸ್ಲಿಂಗ್ ಮುಂದಿತ್ತು. ಮೂತ್ರದ ಸೋಂಕು, ಮೂತ್ರ ಮಾಡಲು ಕಷ್ಟ, ಅವಸರದ ಸೋರಿಕೆ ಹೆಚ್ಚಾಗಿ ಕಂಡದ್ದೂ ಸ್ಲಿಂಗ್‌ನಲ್ಲೇ. ದೊಡ್ಡ ಗಾಯ, ಹೆಚ್ಚು ದಿನದ ವಿಶ್ರಾಂತಿ, ಕೆಲವರಿಗೆ ಸ್ವಲ್ಪ ಕಾಲ ತಾವೇ ಕ್ಯಾಥೆಟರ್ ಹಾಕಿಕೊಂಡು ಮೂತ್ರ ತೆಗೆಯಬೇಕಾದ ಪರಿಸ್ಥಿತಿ ಬರಬಹುದು. ಬರ್ಚ್ ಕೂಡ ಎರಡನೇ ಸಲಕ್ಕೆ ಆಗುವ ಆಯ್ಕೆಯೇ.

ಇಂಜೆಕ್ಷನ್ ಹಗುರವಾದದ್ದು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆಯಿಂದ ದೊಡ್ಡ ಆಪರೇಷನ್ ತಡೆದುಕೊಳ್ಳಲಾಗದವರಿಗೆ ಅನುಕೂಲ. ಫಲ ಮಾತ್ರ ಟೇಪಿನಷ್ಟಿಲ್ಲ. ಫಿನ್‌ಲೆಂಡಿನಲ್ಲಿ ಮೊದಲ ಬಾರಿ ಚಿಕಿತ್ಸೆ ಪಡೆದವರನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಟಿವಿಟಿ ಗುಂಪಿನಲ್ಲಿ ಶೇ. 95 ಜನ ತೃಪ್ತರಾಗಿದ್ದರೆ ಜೆಲ್ ಇಂಜೆಕ್ಷನ್ ಗುಂಪಿನಲ್ಲಿ ಸುಮಾರು ಶೇ. 60. ಕೃತಕ ಕವಾಟ ಕೊನೆಯ ಆಯ್ಕೆ. ಮೂತ್ರನಾಳದ ಸುತ್ತ ನೀರು ತುಂಬಿದ ಪಟ್ಟಿಯೊಂದನ್ನು ಕೂರಿಸಿ, ಬೇಕಾದಾಗ ಸಣ್ಣ ಪಂಪ್ ಒತ್ತಿ ತೆರೆಯುವ ಸಾಧನ ಅದು. ಮಹಿಳೆಯರಲ್ಲಿ ಅಪರೂಪ.

ಇವುಗಳಲ್ಲಿ ಎರಡನೇ ಸಲಕ್ಕೆ ಯಾವುದು ಉತ್ತಮ ಎಂದು ವೈದ್ಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಬಹುದು. ಅದಕ್ಕೆ ಕಾರಣ ಅವರ ಅಜ್ಞಾನವಲ್ಲ. ಟೇಪ್ ವಿಫಲವಾದ ನಂತರದ ಚಿಕಿತ್ಸೆಗಳ ಬಗ್ಗೆ ಲೋಕದ ಪ್ರಯೋಗಗಳನ್ನೆಲ್ಲ ಜಾಲಾಡಿದ ಕೊಕ್ರೇನ್ ಸಂಸ್ಥೆಯ 2019ರ ಪರಿಶೀಲನೆಗೆ ಸಿಕ್ಕ ತಕ್ಕ ಪ್ರಯೋಗ ಒಂದೇ ಒಂದು. ಅದರಲ್ಲಿ ಅಂಥ ಮಹಿಳೆಯರು 46, ಅವರದ್ದನ್ನೇ ಬೇರೆಯಾಗಿಟ್ಟ ಅಂಕಿಅಂಶವೂ ಸಿಗಲಿಲ್ಲ. ಲಕ್ಷಗಟ್ಟಲೆ ಮಹಿಳೆಯರಿಗೆ ಆಗುವ ಆಪರೇಷನ್ ಇದು ಎಂಬುದನ್ನು ನೆನೆದರೆ ಈ ಸಂಖ್ಯೆ ನಮಗೆ ನಾಚಿಕೆ ತರಿಸುತ್ತದೆ. ಈ ಕೊರತೆ ತುಂಬಲೆಂದೇ ಬ್ರಿಟನ್ನಿನಲ್ಲಿ ಬ್ರಿಸ್ಟಲ್‌ನ ಸಂಶೋಧಕರ ನೇತೃತ್ವದಲ್ಲಿ ‘ಪರ್ಸ್ಯೂ’ ಎಂಬ ಅಧ್ಯಯನ ಶುರುವಾಯಿತು. ಮೊದಲ ಆಪರೇಷನ್ ನಂತರ ಮತ್ತೆ ಸೋರಿಕೆಯಾದ ಸುಮಾರು 250 ಮಹಿಳೆಯರನ್ನು ಸೇರಿಸಿಕೊಂಡು, ಇಂಜೆಕ್ಷನ್ ಮತ್ತು ಉಳಿದ ಆಪರೇಷನ್‌ಗಳನ್ನು ಹೋಲಿಸುವುದು ಅದರ ಗುರಿ. ಒಂದು ವರ್ಷದ ನಂತರ ಹೇಗಿದೆ ಎಂದು ತೀರ್ಮಾನಿಸುವುದು ಆ ಮಹಿಳೆಯರೇ ಕೊಟ್ಟ ಉತ್ತರಗಳಿಂದ.

ಹಳೆಯ ಕಾಗದ ಎಲ್ಲಿದೆ?

ಇನ್ನು ನಮ್ಮ ಕಡೆಯ ಒಂದು ಕೆಲಸ. ಎರಡನೇ ಸಲ ತಜ್ಞರ ಬಳಿ ಹೋಗುವಾಗ, ಅವರು ಯುರಾಲಜಿಸ್ಟ್ ಆಗಿರಲಿ ಈ ವಿಷಯದಲ್ಲಿ ತರಬೇತಿ ಪಡೆದ ಸ್ತ್ರೀರೋಗ ತಜ್ಞರಾಗಿರಲಿ, ಕೈಯಲ್ಲಿರಬೇಕಾದ್ದು ಮೊದಲ ಆಪರೇಷನ್‌ನ ಡಿಸ್ಚಾರ್ಜ್ ಸಮ್ಮರಿ ಮತ್ತು ಆಪರೇಷನ್ ನೋಟ್ಸ್. ಟೇಪ್ ಹಾಕಿದ್ದರೆ ಅದರ ಪೊಟ್ಟಣದ ಮೇಲಿನ ಸ್ಟಿಕ್ಕರನ್ನು ಫೈಲಿನಲ್ಲಿ ಅಂಟಿಸಿರುವುದುಂಟು. ಯಾವ ಕಂಪನಿಯ ಯಾವ ಟೇಪ್ ಎಂಬುದು ಅದರಲ್ಲಿರುತ್ತದೆ. ಟಿವಿಟಿಯೋ ಟಿಒಟಿಯೋ ಎಂಬ ಒಂದು ಪದದಿಂದ ಎರಡನೇ ಆಪರೇಷನ್ನಿನ ಯೋಜನೆಯೇ ಬದಲಾಗಬಹುದು.

ಕಾಗದ ಕಳೆದುಹೋಗಿದ್ದರೆ ಆಸ್ಪತ್ರೆಯಲ್ಲಿ ಅರ್ಜಿ ಕೊಟ್ಟು ಕೇಳಬಹುದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆದರೆ ಅದೇ ನಿಯಮಗಳಂತೆ ಒಳರೋಗಿಗಳ ದಾಖಲೆಯನ್ನು ಇಟ್ಟುಕೊಳ್ಳಬೇಕಾದ್ದು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ. ಸೋರಿಕೆ ಐದೋ ಹತ್ತೋ ವರ್ಷದ ನಂತರ ಮರಳಿ ಬಂದರೆ ಆಸ್ಪತ್ರೆಯಲ್ಲಿ ಏನೂ ಸಿಗದೇ ಹೋಗಬಹುದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದ್ದರೆ, ಆಕೆ ಈಗ ಚೆನ್ನಾಗಿದ್ದರೂ, ಆ ಕಾಗದಗಳ ಫೋಟೋ ತೆಗೆದು ಆಕೆಯ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇವತ್ತೇ ಇಟ್ಟುಬಿಡಿ. ಗುಂಪಿಗೆ ಹಾಕಬೇಡಿ.